ಗ್ರಹ ಹುಟ್ಟಿದ ಜಾಗದಲ್ಲೇ ಇದೆಯಾ? ಕ್ಯಾಲ್ಕುಲೇಟರ್ ಹಿಡಿದು ಪತ್ತೆ ಮಾಡುವುದು ಹೇಗೆ

ಶಾಲೆ–ಕಾಲೇಜುಗಳ ವಿಜ್ಞಾನ ಪ್ರದರ್ಶನಕ್ಕೆ ಹೋದರೆ ಹೊರಗ್ರಹಗಳ (ಬೇರೆ ನಕ್ಷತ್ರಗಳನ್ನು ಸುತ್ತುವ ಗ್ರಹಗಳ) ಮೇಲೆ ಒಂದು ಚಾರ್ಟ್ ಸಿಕ್ಕೇ ಸಿಗುತ್ತದೆ. ಅದರಲ್ಲಿ 'ಗ್ರಹಗಳ ವಲಸೆ' ಅಂತ ಒಂದು ಮೂಲೆಯೂ ಇರುತ್ತದೆ. ಗ್ರಹಗಳು ಹುಟ್ಟುವುದು ಎಳೆಯ ನಕ್ಷತ್ರದ ಸುತ್ತ ಹರಡಿದ ಅನಿಲದ ತಟ್ಟೆಯಲ್ಲಿ. ಹುಟ್ಟಿದ ಮೇಲೆ ಗ್ರಹ ಯಾಕೆ ಜಾಗ ಬಿಡುತ್ತದೆ ಅಂತ ಕೇಳಿದರೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: "ಸುತ್ತಲಿನ ಅನಿಲ ಗ್ರಹಕ್ಕೆ ಉಜ್ಜುತ್ತದೆ, ವೇಗ ಕಡಿಮೆಯಾಗುತ್ತದೆ, ಗ್ರಹ ಒಳಗೆ ಬೀಳುತ್ತದೆ." ಈ ಉತ್ತರ ತಪ್ಪು. ಅನಿಲದ ಉಜ್ಜಾಟ ಸಣ್ಣ ಕಲ್ಲುಗಳಿಗೆ ದೊಡ್ಡ ವಿಷಯ. ಭೂಮಿಯಷ್ಟು ದೊಡ್ಡ ಗ್ರಹಕ್ಕೆ ಅದು ಲೆಕ್ಕಕ್ಕೇ ಇಲ್ಲ. ಅಂಥ ಗ್ರಹವನ್ನು ಎಳೆದುಕೊಂಡು ಹೋಗುವುದು ಗುರುತ್ವ. ಅದೂ ಗ್ರಹವೇ ಅನಿಲದಲ್ಲಿ ಎಬ್ಬಿಸಿದ ಅಲೆಗಳ ಗುರುತ್ವ.

ಗ್ರಹ ಜಾಗ ಬಿಟ್ಟಿದೆಯಾ ಎಂದು ಪತ್ತೆ ಮಾಡಲು ಬೇಕಾದದ್ದು ಒಂದು ಚಾರ್ಟ್ ಹಾಳೆ, ಕೆಂಪು ಮತ್ತು ನೀಲಿ ಪೆನ್ಸಿಲ್, ಘನಮೂಲ ತೆಗೆಯುವ ಕ್ಯಾಲ್ಕುಲೇಟರ್. ಬೇರೆ ಕ್ಯಾಲ್ಕುಲೇಟರ್ ಕೊಳ್ಳಬೇಡಿ. ಹೆಚ್ಚಿನ ಫೋನುಗಳನ್ನು ಅಡ್ಡ ಹಿಡಿದರೆ ಸಾಕು, ಆ ಗುಂಡಿ ಬರುತ್ತದೆ. ಥರ್ಮಾಕೋಲ್ ಮಾದರಿಯಂತೂ ಬೇಡವೇ ಬೇಡ. ಇಲ್ಲಿ ತೋರಿಸಬೇಕಾದದ್ದು ಅಲೆ, ಗೋಲಿ ಅಲ್ಲ.

ಮೊದಲ ಹೆಜ್ಜೆ: ಅಂಕಿ ತನ್ನಿ

ನಾಸಾದ ಎಕ್ಸೋಪ್ಲಾನೆಟ್ ಆರ್ಕೈವ್ ಎಂಬ ತಾಣದಲ್ಲಿ ಎಲ್ಲ ಹೊರಗ್ರಹಗಳ ಪಟ್ಟಿ ಉಚಿತವಾಗಿ ಇದೆ. ಅವಧಿ (ನಕ್ಷತ್ರವನ್ನು ಒಂದು ಸುತ್ತು ಹಾಕಲು ಗ್ರಹಕ್ಕೆ ಬೇಕಾದ ಕಾಲ), ಗ್ರಹದ ರಾಶಿ (ಅಂದರೆ ದ್ರವ್ಯರಾಶಿ), ನಕ್ಷತ್ರದ ರಾಶಿ, ಈ ಮೂರನ್ನು ಬರೆದುಕೊಳ್ಳಿ. ಅವಧಿಯನ್ನು ಕನಿಷ್ಠ 3 ದಶಮಾಂಶದವರೆಗೆ ಬರೆಯಿರಿ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಎರಡನೇ ಹೆಜ್ಜೆ: ದೂರ ಕಂಡುಹಿಡಿಯಿರಿ

ಕೆಪ್ಲರ್‌ನ ಮೂರನೇ ನಿಯಮ ಸಾಕು. ಅವಧಿಯನ್ನು ವರ್ಷಕ್ಕೆ ಬದಲಿಸಿ, ವರ್ಗ ಮಾಡಿ, ನಕ್ಷತ್ರದ ರಾಶಿಯಿಂದ ಗುಣಿಸಿ, ಘನಮೂಲ ತೆಗೆಯಿರಿ. ಉತ್ತರ ಖಗೋಳಮಾನದಲ್ಲಿ ಬರುತ್ತದೆ. ಭೂಮಿ–ಸೂರ್ಯರ ನಡುವಿನ ದೂರ 1 ಖಗೋಳಮಾನ.

ಉದಾಹರಣೆಗೆ ಸಂತಮಸ ಗ್ರಹವನ್ನೇ ತೆಗೆದುಕೊಳ್ಳಿ. 2019ರಲ್ಲಿ ಹೆಸರಿಡಲು ಭಾರತದ ಪಾಲಿಗೆ ಬಂದ ನಕ್ಷತ್ರಕ್ಕೆ ಭೌತವಿಜ್ಞಾನಿ ಬಿಭಾ ಚೌಧುರಿ ಅವರ ನೆನಪಿಗೆ 'ಬಿಭಾ' ಎಂದೂ, ಅದರ ಗ್ರಹಕ್ಕೆ 'ಸಂತಮಸ' ಎಂದೂ ಹೆಸರಿಟ್ಟರು. ಅವಧಿ 2.1375 ದಿನ, ನಕ್ಷತ್ರದ ರಾಶಿ ಸೂರ್ಯನ 1.2 ಪಟ್ಟು. ಲೆಕ್ಕ ಮಾಡಿದರೆ ಸುಮಾರು 0.035 ಖಗೋಳಮಾನ. ಬುಧನೇ ಸೂರ್ಯನಿಂದ 0.39 ಖಗೋಳಮಾನ ದೂರದಲ್ಲಿದ್ದಾನೆ. ಸಂತಮಸವೋ ಗುರುವಿಗಿಂತ ಭಾರವಾದ ಗ್ರಹ!

ಮೂರನೇ ಹೆಜ್ಜೆ: ಅಲ್ಲೇ ಹುಟ್ಟಲು ಸಾಧ್ಯವಿತ್ತಾ?

ಗುರುವಿನಂಥ ಗ್ರಹಕ್ಕೆ ಮೊದಲು ಕಲ್ಲು–ಮಂಜುಗಡ್ಡೆಯ ದೊಡ್ಡ ತಿರುಳು ಬೇಕು. ನಕ್ಷತ್ರದ ಮಗ್ಗುಲಲ್ಲಿ ಮಂಜುಗಡ್ಡೆ ಉಳಿಯುವುದಿಲ್ಲ, ಕಲ್ಲಿನ ಸಾಮಗ್ರಿಯೂ ಸಾಲುವುದಿಲ್ಲ. 1995ರಲ್ಲಿ ಮಿಶೆಲ್ ಮೇಯರ್ ಮತ್ತು ದಿದಿಯೆ ಕೆಲೋ ಅವರು 4.2 ದಿನಕ್ಕೊಮ್ಮೆ ಸುತ್ತುವ 51 ಪೆಗಾಸಿ ಬಿ ಗ್ರಹವನ್ನು ಕಂಡಾಗ ಎಲ್ಲರನ್ನೂ ಕಾಡಿದ ಪ್ರಶ್ನೆ ಇದೇ. ಉತ್ತರದ ಮುಖ್ಯ ಭಾಗ ಅಷ್ಟರಲ್ಲಾಗಲೇ ಸಿದ್ಧವಿತ್ತು. ಪೀಟರ್ ಗೋಲ್ಡ್‌ರೈಖ್ ಮತ್ತು ಸ್ಕಾಟ್ ಟ್ರೆಮೇನ್ 1980ರಲ್ಲೇ ಗ್ರಹ ಮತ್ತು ಅನಿಲದ ತಟ್ಟೆ ಒಂದನ್ನೊಂದು ಹೇಗೆ ಎಳೆಯುತ್ತವೆ ಎಂದು ಲೆಕ್ಕ ಹಾಕಿದ್ದರು.

ನಾಲ್ಕನೇ ಹೆಜ್ಜೆ: ಎಳೆತದ ಚಿತ್ರ

ಜಾಸ್ತಿ ಜನ ಎಡವುವುದು ಇಲ್ಲೇ. ನಿಧಾನವಾಗಿ ಮಾಡಿ.

ಹಾಳೆಯ ನಡುವೆ ನಕ್ಷತ್ರ ಬರೆಯಿರಿ. ಸುತ್ತ ಒಂದು ವೃತ್ತ. ಗಡಿಯಾರದಲ್ಲಿ 3 ಇರುವ ಜಾಗದಲ್ಲಿ ಗ್ರಹ ಇಡಿ. ಗ್ರಹವೂ ಅನಿಲವೂ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ಸುತ್ತುತ್ತಿವೆ. ಅಂದರೆ ಈ ಕ್ಷಣ ಗ್ರಹ ಹಾಳೆಯ ಮೇಲ್ಭಾಗದ ಕಡೆ ಹೊರಟಿದೆ. ಬಾಣದ ಗುರುತು ಈಗಲೇ ಹಾಕಿಬಿಡಿ. ಬಾಣವಿಲ್ಲದ ಚಿತ್ರದಲ್ಲಿ 'ಮುಂದೆ', 'ಹಿಂದೆ' ಎಂಬ ಮಾತಿಗೆ ಅರ್ಥವೇ ಇರುವುದಿಲ್ಲ.

ನಕ್ಷತ್ರಕ್ಕೆ ಹತ್ತಿರ ಇದ್ದಷ್ಟೂ ವೇಗ ಜಾಸ್ತಿ. ನಮ್ಮ ಸೌರವ್ಯೂಹದಲ್ಲೇ ನೋಡಿ: ಬುಧ ಸೆಕೆಂಡಿಗೆ 47 ಕಿಲೋಮೀಟರ್, ಭೂಮಿ 30, ಗುರು 13. ಅನಿಲಕ್ಕೂ ಇದೇ ನಿಯಮ. ಗ್ರಹದ ಗುರುತ್ವ ಅಕ್ಕಪಕ್ಕದ ಅನಿಲವನ್ನು ಕಲಕಿ ಅಲೆ ಎಬ್ಬಿಸುತ್ತದೆ. ಒಳಗಿನ ಅನಿಲಕ್ಕೆ ವೇಗ ಹೆಚ್ಚು, ಹಾಗಾಗಿ ಅಲ್ಲಿನ ಅಲೆ ಗ್ರಹಕ್ಕಿಂತ ಮುಂದೆ ಬಾಗುತ್ತದೆ. ಕೆಂಪು ಪೆನ್ಸಿಲ್ ತೆಗೆದುಕೊಂಡು ಗ್ರಹದಿಂದ ಮೇಲಕ್ಕೆ, ಒಳಕ್ಕೆ ಬಾಗುವ ಗೆರೆ ಎಳೆಯಿರಿ. ಹೊರಗಿನ ಅನಿಲ ನಿಧಾನ. ಅಲ್ಲಿನ ಅಲೆ ಹಿಂದೆ ಬೀಳುತ್ತದೆ. ನೀಲಿಯಲ್ಲಿ ಗ್ರಹದಿಂದ ಕೆಳಕ್ಕೆ, ಹೊರಕ್ಕೆ ಬಾಗುವ ಗೆರೆ ಎಳೆಯಿರಿ. ಸರಿ ಬಂದಿದೆಯಾ ಎಂದು ನೋಡಲು ಸುಲಭದ ಗುರುತಿದೆ: ಎರಡೂ ಗೆರೆ ಸೇರಿ, ಗ್ರಹದ ಮೂಲಕ ಹಾದುಹೋಗುವ ಒಂದೇ ಸುರುಳಿಯಂತೆ ಕಾಣಬೇಕು. ಗ್ರಹದ ಹತ್ತಿರ ಮೊನೆ ಮುರಿದಂತೆ ಕಂಡರೆ ಯಾವುದೋ ಒಂದು ಗೆರೆ ತಿರುಗುಮುರುಗಾಗಿದೆ.

ಈಗ ಎಳೆತ. ಕೆಂಪು ಅಲೆಯಲ್ಲಿ ಅನಿಲ ದಟ್ಟವಾಗಿದೆ, ಅದು ಗ್ರಹದ ಮುಂದಿದೆ. ಅದು ಗ್ರಹವನ್ನು ಮುಂದಕ್ಕೆ ಎಳೆಯುತ್ತದೆ. ಗ್ರಹಕ್ಕೆ ಕೋನೀಯ ಸಂವೇಗ (ಸುತ್ತುವ ಚಲನೆಯ ಅಳತೆ) ಸಿಗುತ್ತದೆ, ಕಕ್ಷೆ ದೊಡ್ಡದಾಗುತ್ತದೆ. ನೀಲಿ ಅಲೆ ಹಿಂದಿದೆ, ಅದು ಹಿಂದಕ್ಕೆ ಎಳೆಯುತ್ತದೆ. ಕೋನೀಯ ಸಂವೇಗ ಕಡಿಮೆಯಾಗುತ್ತದೆ, ಕಕ್ಷೆ ಕುಗ್ಗುತ್ತದೆ. ಹಗ್ಗಜಗ್ಗಾಟದ ಹಾಗೆ ಎರಡು ಕಡೆಯವರೂ ಬಲಶಾಲಿಗಳು. ಗ್ರಹ ಎತ್ತ ಸರಿಯುತ್ತದೆ ಎಂಬುದನ್ನು ತೀರ್ಮಾನಿಸುವುದು ಅವರ ನಡುವಿನ ಸಣ್ಣ ವ್ಯತ್ಯಾಸ ಮಾತ್ರ.

ಸಾಮಾನ್ಯವಾಗಿ ಗೆಲ್ಲುವುದು ನೀಲಿ. ತಟ್ಟೆಯ ಒಳಭಾಗದಲ್ಲಿ ಅನಿಲದ ಒತ್ತಡ ಹೆಚ್ಚು, ಹೊರಗೆ ಕಡಿಮೆ. ಈ ಒತ್ತಡ ಅನಿಲವನ್ನು ಹೊರಕ್ಕೆ ಸ್ವಲ್ಪ ಆನಿಸಿ ಹಿಡಿಯುವುದರಿಂದ ಅನಿಲ ಇರಬೇಕಾದ್ದಕ್ಕಿಂತ ತುಸು ನಿಧಾನವಾಗಿ ಸುತ್ತುತ್ತದೆ. ಪರಿಣಾಮವಾಗಿ ಹೊರಗಿನ ಅಲೆ ಹುಟ್ಟುವ ಜಾಗಗಳು ಗ್ರಹಕ್ಕೆ ಹತ್ತಿರ ಬರುತ್ತವೆ, ಒಳಗಿನವು ದೂರ ಸರಿಯುತ್ತವೆ. ಹತ್ತಿರದ ಎಳೆತ ಬಲವಾಗುತ್ತದೆ. ಗ್ರಹ ಒಳಕ್ಕೆ ಸರಿಯುತ್ತದೆ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಗೆಹರಿಸಿಕೊಳ್ಳಿ. ಹಿಂದಕ್ಕೆ ಎಳೆಸಿಕೊಂಡ ಗ್ರಹ ನಿಧಾನವಾಗುವುದಿಲ್ಲ. ಒಳಗಿನ ಕಕ್ಷೆಗೆ ಇಳಿದು ಮೊದಲಿಗಿಂತ ಜೋರಾಗಿ ಸುತ್ತುತ್ತದೆ. "ವೇಗ ಕಡಿಮೆಯಾಗಿ ಬೀಳುತ್ತದೆ" ಅಂತ ಬರೆದ ಚಾರ್ಟ್ ಇದ್ದರೆ ಆ ಸಾಲನ್ನು ಹೊಡೆದುಹಾಕಿ.

ಗ್ರಹದ ಕಕ್ಷೆಯಲ್ಲೇ ಹರಿಯುವ ಅನಿಲವೂ ಇದೆ. ಅದು ಗ್ರಹದ ಮುಂದೆ ಮತ್ತು ಹಿಂದೆ ಕುದುರೆ ಲಾಳದಂತೆ ತಿರುವು ಹೊಡೆಯುತ್ತದೆ. ಶಾಖ ಸುಲಭವಾಗಿ ಹೊರಹೋಗದ ಕಡೆ ಈ ಅನಿಲ ಗ್ರಹವನ್ನು ಹೊರಕ್ಕೂ ತಳ್ಳಬಲ್ಲದು ಎಂದು 2006ರಲ್ಲಿ ಪಾರ್ಡೆಕೂಪರ್ ಮತ್ತು ಮೆಲ್ಲೆಮಾ ತೋರಿಸಿದರು. ಹಾಗಾಗಿ 'ವಲಸೆ ಅಂದರೆ ಯಾವಾಗಲೂ ಒಳಕ್ಕೆ' ಎಂದು ಬರೆಯಬೇಡಿ.

ಒಂದು ಎಚ್ಚರಿಕೆ. ಗ್ರಹಗಳನ್ನು ಸುತ್ತಿಸುವ ಫೋನ್ ಆಟಗಳಲ್ಲಿ ಇದನ್ನು ತೋರಿಸಲು ಹೋಗಬೇಡಿ. ನಾನು ನೋಡಿದ ಅಂಥ ಆ್ಯಪ್‌ಗಳಲ್ಲಿ ಅನಿಲವೇ ಇಲ್ಲ, ಗ್ರಹವನ್ನು ಸುಮ್ನೆ ಒಳಕ್ಕೆ ಜಾರಿಸುತ್ತಾರೆ. ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಬರುತ್ತದೆ ಅಂದರೆ ರಿಬೌಂಡ್ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಅದರ ಜೊತೆಗಿರುವ ರಿಬೌಂಡ್‌ಎಕ್ಸ್‌ನಲ್ಲಿ ಕಕ್ಷೆ ಕುಗ್ಗಿಸುವ ಬಲವನ್ನು ಸೇರಿಸಬಹುದು. ಅಲ್ಲೂ ಅಲೆ ಕಣ್ಣಿಗೆ ಕಾಣುವುದಿಲ್ಲ, ಅಲೆಯ ಪರಿಣಾಮವನ್ನು ಮಾತ್ರ ಲೆಕ್ಕಕ್ಕೆ ಹಾಕುತ್ತಾರೆ. ಆದ್ದರಿಂದ ಪೆನ್ಸಿಲ್ ಚಿತ್ರ ಬಿಡುವ ಹಾಗಿಲ್ಲ.

ಐದನೇ ಹೆಜ್ಜೆ: ಎಷ್ಟು ಕಾಲ ಬೇಕು?

2002ರಲ್ಲಿ ತನಾಕಾ, ತಾಕೇಉಚಿ ಮತ್ತು ವಾರ್ಡ್ ಕೊಟ್ಟ ಸೂತ್ರವನ್ನು ಭೂಮಿಗೆ ಹಾಕಿ ನೋಡೋಣ. ಸೂರ್ಯನ ರಾಶಿ ಭೂಮಿಯ 3,33,000 ಪಟ್ಟು. 1 ಖಗೋಳಮಾನದ ಹತ್ತಿರ, ಪ್ರತಿ ಚದರ ಸೆಂಟಿಮೀಟರಿಗೆ 1,700 ಗ್ರಾಂ ಅನಿಲವಿರುವ ತಟ್ಟೆಯಲ್ಲಿ, ಸೂರ್ಯನ ರಾಶಿಯನ್ನು ಆ ದಟ್ಟಣೆ ಮತ್ತು ದೂರದ ವರ್ಗದ ಗುಣಲಬ್ಧದಿಂದ ಭಾಗಿಸಿದರೆ ಸುಮಾರು 5,200. ತಟ್ಟೆಯ ದಪ್ಪವನ್ನು ದೂರದಿಂದ ಭಾಗಿಸಿದರೆ 0.033, ಅದರ ವರ್ಗ 0.0011. ಒಂದು ವರ್ಷವನ್ನು 2 ಪೈಯಿಂದ ಭಾಗಿಸಿದರೆ 0.16. ಈ ನಾಲ್ಕನ್ನೂ ಗುಣಿಸಿ 4.35ರಿಂದ ಭಾಗಿಸಿ.

ಬರುವ ಉತ್ತರ ಸುಮಾರು 70 ಸಾವಿರ ವರ್ಷ. ಅನಿಲದ ತಟ್ಟೆ ಬಾಳುವುದು ಕೆಲವು ದಶಲಕ್ಷ ವರ್ಷ. ಅಂದರೆ ಈ ಲೆಕ್ಕದ ಪ್ರಕಾರ ಗ್ರಹಗಳೆಲ್ಲ ಯಾವತ್ತೋ ನಕ್ಷತ್ರದ ಬಾಯಿಗೆ ಹೋಗಿರಬೇಕಿತ್ತು. ಗ್ರಹ ಭಾರವಾದಷ್ಟೂ ಕಾಲ ಇನ್ನೂ ಕಡಿಮೆ. 5 ಭೂಮಿಗಳ ರಾಶಿಗೆ 14 ಸಾವಿರ ವರ್ಷ ಸಾಕು. ನಿಮ್ಮ ಲೆಕ್ಕ ತಪ್ಪಿದೆ ಅಂದುಕೊಳ್ಳಬೇಡಿ. ಈ ಉತ್ತರವೇ ವಿಜ್ಞಾನಿಗಳನ್ನು ವರ್ಷಗಟ್ಟಲೆ ಕಾಡಿದ ಸಮಸ್ಯೆ. ಮೇಲೆ ಹೇಳಿದ ಲಾಳದ ತಿರುವಿನ ಅನಿಲದ ಬಗ್ಗೆ ಅಷ್ಟೊಂದು ಆಸಕ್ತಿ ಬಂದದ್ದೂ ಇದೇ ಕಾರಣಕ್ಕೆ.

ಆರನೇ ಹೆಜ್ಜೆ: ಗ್ರಹ ದಾರಿ ಕೊರೆಯುತ್ತದಾ?

ಗ್ರಹದ ರಾಶಿಯನ್ನು ನಕ್ಷತ್ರದ ರಾಶಿಯ 3 ಪಟ್ಟಿನಿಂದ ಭಾಗಿಸಿ ಘನಮೂಲ ತೆಗೆಯಿರಿ. ಅದು ತಟ್ಟೆಯ ದಪ್ಪದ ಅನುಪಾತಕ್ಕಿಂತ ದೊಡ್ಡದಾದರೆ ಗ್ರಹ ತನ್ನ ಸುತ್ತಲಿನ ಅನಿಲವನ್ನು ದೂಡಿ ಖಾಲಿ ಪಟ್ಟಿ ಮಾಡಿಕೊಳ್ಳುತ್ತದೆ. ಗುರುವಿಗೆ 0.068 ಬರುತ್ತದೆ, ಅಲ್ಲಿ ತಟ್ಟೆಯ ಅನುಪಾತ ಸುಮಾರು 0.05. ಹಾಗಾಗಿ ಗುರು ದಾರಿ ಕೊರೆಯುತ್ತಾನೆ. ಶನಿಗೆ 0.046, ಅಂಚಿನಲ್ಲಿ ನಿಂತಿದ್ದಾನೆ. ಭೂಮಿಗೆ 0.01 ಮಾತ್ರ. ಪಟ್ಟಿ ಕೊರೆದ ಗ್ರಹದ ವಲಸೆ ನಿಧಾನ. ಆ ಪಟ್ಟಿ ಪೂರ್ತಿ ಬರಿದಾಗಿರುತ್ತದೆ ಎಂದು ಹಳೆಯ ಚಿತ್ರಗಳು ತೋರಿಸುತ್ತವೆ, ಅದು ಸರಿಯಲ್ಲ. ಅನಿಲ ಅದನ್ನು ದಾಟಿ ಹರಿಯುತ್ತಲೇ ಇರುತ್ತದೆ.

ಏಳನೇ ಹೆಜ್ಜೆ: ಹೆಜ್ಜೆ ಗುರುತು ಹುಡುಕಿ

ಅನಿಲ ಹೋದ ಮೇಲೂ ಉಳಿಯುವ ಸಾಕ್ಷಿ ಅವಧಿಗಳ ಅನುಪಾತ. ಹೊರಗಿನ ಗ್ರಹ ಒಳಗಿನದಕ್ಕಿಂತ ಬೇಗ ಸರಿದು ಬಂದು ಹತ್ತಿರವಾದಾಗ, ಅವುಗಳ ಅವಧಿಗಳು 3:2, 4:3ರಂಥ ಸಣ್ಣ ಅಂಕಿಗಳ ಅನುಪಾತದಲ್ಲಿ ಸಿಕ್ಕಿಕೊಳ್ಳುತ್ತವೆ. ಇದೇ ಅನುರಣನ. ಒಮ್ಮೆ ಸಿಕ್ಕಿಕೊಂಡರೆ ಎರಡೂ ಜೊತೆಯಾಗಿ ಸರಿಯುತ್ತವೆ.

ಸುಮಾರು 40 ಜ್ಯೋತಿರ್ವರ್ಷ ದೂರದ ಟ್ರ್ಯಾಪಿಸ್ಟ್–1 ಎಂಬ ನಕ್ಷತ್ರದ 7 ಗ್ರಹಗಳನ್ನು ತೆಗೆದುಕೊಳ್ಳಿ. ಅವಧಿಗಳು 1.5109, 2.4219, 4.0492, 6.1010, 9.2075, 12.352, 18.773 ದಿನ. ದೊಡ್ಡದನ್ನು ಅದರ ಒಳಗಿನ ಚಿಕ್ಕದರಿಂದ ಭಾಗಿಸುತ್ತಾ ಹೋಗಿ: 1.603, 1.672, 1.507, 1.509, 1.342, 1.520. ಇವು 8:5, 5:3, 3:2, 3:2, 4:3, 3:2ರ ಪಕ್ಕದಲ್ಲೇ ಇವೆ. ಪ್ರತಿಯೊಂದೂ ತುಸು ಹೆಚ್ಚೇ ಇರುವುದನ್ನು ಗಮನಿಸಿ. ಅದನ್ನು ತಪ್ಪೆಂದು ಅಳಿಸಬೇಡಿ, ಇಂಥ ಕುಟುಂಬಗಳಲ್ಲಿ ಅದು ಸಾಮಾನ್ಯ.

ಆದರೆ ಇಷ್ಟಕ್ಕೇ ನಿಲ್ಲಿಸಬೇಡಿ. ದೊಡ್ಡ ಅಂಕಿ ಹಾಕಿಕೊಳ್ಳುತ್ತಾ ಹೋದರೆ ಯಾವ ದಶಮಾಂಶವನ್ನೂ ಭಿನ್ನರಾಶಿ ಮಾಡಬಹುದು, ಅಲ್ವಾ? ಮೂರು ಗ್ರಹಗಳನ್ನು ಒಟ್ಟಿಗೆ ಪರೀಕ್ಷಿಸಿ. ನಡುವಿನ ಮೂರರ ಅವಧಿ 4.0492, 6.1010, 9.2075. ಎರಡು ಜೋಡಿಯೂ 3:2 ಇದ್ದರೆ, 2ನ್ನು ಮೊದಲ ಅವಧಿಯಿಂದ, 3ನ್ನು ಕೊನೆಯದರಿಂದ ಭಾಗಿಸಿ ಕೂಡಿದ್ದು, 5ನ್ನು ನಡುವಿನದರಿಂದ ಭಾಗಿಸಿದ್ದಕ್ಕೆ ಸಮ ಬರಬೇಕು. ಒಂದು ಕಡೆ 0.49392 ಮತ್ತು 0.32582 ಸೇರಿ 0.81974. ಇನ್ನೊಂದು ಕಡೆ 0.81954. ಬರೀ 0.0002 ವ್ಯತ್ಯಾಸ! ಅವಧಿಯನ್ನು 4, 6, 9 ಅಂತ ದುಂಡಗೆ ಮಾಡಿದ್ದರೆ ಉತ್ತರ ತಾನಾಗಿಯೇ ಸಮ ಬಂದು ನಿಮ್ಮನ್ನು ಮೋಸ ಮಾಡುತ್ತಿತ್ತು. 3 ದಶಮಾಂಶವಾದರೂ ಬೇಕು ಅಂದದ್ದು ಇದಕ್ಕೇ.

ಈ ಸರಪಳಿ ನಕ್ಷತ್ರದೊಳಗೆ ಬೀಳದೆ ನಿಂತದ್ದು ಹೇಗೆ? ನಕ್ಷತ್ರದ ಕಾಂತಕ್ಷೇತ್ರ ತಟ್ಟೆಯನ್ನು ಒಂದು ದೂರದಲ್ಲಿ ಕತ್ತರಿಸುತ್ತದೆ. ಆ ಒಳ ಅಂಚಿನಲ್ಲಿ ಮೊದಲ ಗ್ರಹ ನಿಲ್ಲುತ್ತದೆ, ಉಳಿದವು ಅದರ ಹಿಂದೆ ಸಾಲುಗಟ್ಟುತ್ತವೆ.

ಅಭ್ಯಾಸಕ್ಕೆ 2023ರಲ್ಲಿ ಪ್ರಕಟವಾದ ಎಚ್‌ಡಿ 110067 ನಕ್ಷತ್ರದ 6 ಗ್ರಹಗಳು ಒಳ್ಳೆಯವು. ಅಲ್ಲಿ 3:2 ಮೂರು ಸಲ, 4:3 ಎರಡು ಸಲ ಬರುತ್ತದೆ. ನನ್ನ ಮಾತು ಕೇಳಿದರೆ ಮಕ್ಕಳಿಗೆ ಮೊದಲು ಇದನ್ನೇ ಕೊಡಿ.

ಎಂಟನೇ ಹೆಜ್ಜೆ: ಬೇರೆ ಕಾರಣಗಳನ್ನು ತಳ್ಳಿಹಾಕಿ

ಅನುರಣನ ಕಂಡ ತಕ್ಷಣ 'ಅನಿಲದ ಕೆಲಸ' ಎಂದು ಬರೆಯಬೇಡಿ. ಪ್ಲೂಟೊ ನೆಪ್ಚೂನ್ ಜೊತೆ 3:2ರಲ್ಲಿದೆ. ನೆಪ್ಚೂನ್ ಹೊರಕ್ಕೆ ಸರಿಯುತ್ತಾ ಅದನ್ನು ಸಿಕ್ಕಿಸಿಕೊಂಡಿತು ಎಂದು 1993ರಲ್ಲಿ ತೋರಿಸಿದವರು ದೆಹಲಿಯಲ್ಲಿ ಹುಟ್ಟಿದ ರೇಣು ಮಲ್ಹೋತ್ರಾ. ಅಲ್ಲಿ ನೆಪ್ಚೂನನ್ನು ಸರಿಸಿದ್ದು ಅನಿಲವಲ್ಲ, ಉಳಿದುಕೊಂಡಿದ್ದ ಸಣ್ಣ ಕಾಯಗಳು. ಒಂಟಿ 'ಬಿಸಿ ಗುರು'ಗಳ (ಸಂತಮಸದಂತೆ ನಕ್ಷತ್ರದ ಮಗ್ಗುಲಲ್ಲೇ ಸುತ್ತುವ ಗುರುವಿನಂಥ ಗ್ರಹಗಳ) ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಎಚ್‌ಡಿ 80606 ಬಿ ಗ್ರಹದ ಕಕ್ಷೆ ವಿಪರೀತ ಉದ್ದ, ಉತ್ಕೇಂದ್ರತೆ 0.93 (ಪೂರ್ತಿ ವೃತ್ತವಾಗಿದ್ದರೆ ಅದು 0). ಬೇರೊಂದು ನಕ್ಷತ್ರದ ಎಳೆತದಿಂದ ಕಕ್ಷೆ ಹೀಗೆ ಹಿಗ್ಗಿ, ಆಮೇಲೆ ಉಬ್ಬರವಿಳಿತದ ಬಲದಿಂದ ಕುಗ್ಗಿ ಹತ್ತಿರ ಬರುವ ದಾರಿಯೂ ಇದೆ.

ಹಾಗಾದರೆ ಚಾರ್ಟ್‌ನ ಕೊನೆಯ ಸಾಲುಗಳಲ್ಲಿ ಏನು ಬರೆಯಬೇಕು? ಟ್ರ್ಯಾಪಿಸ್ಟ್–1: ಅನಿಲದ ತಟ್ಟೆಯಲ್ಲಿ ವಲಸೆ, ಸಾಕ್ಷಿ ಗಟ್ಟಿ. ಎಚ್‌ಡಿ 110067: ಅದೇ. ಸಂತಮಸ: ಬೇರೆ ಕಡೆ ಹುಟ್ಟಿ ಬಂದದ್ದು ಬಹುತೇಕ ಖಚಿತ, ಬಂದ ದಾರಿ ಈ ಲೆಕ್ಕದಿಂದ ತೀರ್ಮಾನವಾಗುವುದಿಲ್ಲ. ಜಾಗ ಉಳಿದರೆ ಪಿಡಿಎಸ್ 70 ನಕ್ಷತ್ರದ ಚಿತ್ರವನ್ನು ಅಂಟಿಸಿ. ಸುಮಾರು 370 ಜ್ಯೋತಿರ್ವರ್ಷ ದೂರದ ಆ ಎಳೆಯ ನಕ್ಷತ್ರದ ತಟ್ಟೆಯ ಖಾಲಿ ಜಾಗದಲ್ಲಿ 2018 ಮತ್ತು 2019ರಲ್ಲಿ ಕಂಡ ಎರಡು ಗ್ರಹಗಳು ಈಗಲೂ ಬೆಳೆಯುತ್ತಿವೆ. ಅವುಗಳ ಅವಧಿ 2:1ಕ್ಕೆ ಹತ್ತಿರ.