ಹಲ್ಲಿಗೆ ಹೆಪ್ಪು ಹಾಕುವ ಕೆಲಸ

ಹಾಸನದ ಡಿಸೆಂಬರ್ ಚಳಿಗೆ ಮೊಸರು ಹೆಪ್ಪಾಗುವುದೇ ಕಷ್ಟ. ನಮ್ಮಮ್ಮ ಪಾತ್ರೆಗೆ ಟವೆಲ್ ಸುತ್ತಿ ಅಕ್ಕಿ ಡಬ್ಬದಲ್ಲಿ ಇಡುತ್ತಾರೆ. ಲ್ಯಾಬ್‌ನಲ್ಲಿ ನಾನು ಮಾಡುವುದೂ ಹೆಚ್ಚುಕಮ್ಮಿ ಅದೇ, ಹಾಲಿನ ಬದಲು ಹಲ್ಲು ಅಷ್ಟೇ. ಹೊಸ ಪೇಸ್ಟೋ ಜೆಲ್ಲೋ ಹುಳುಕನ್ನು ಶುರುವಲ್ಲೇ ತಡೆಯುತ್ತದಾ ಅಂತ ನೋಡಲು ಮೊದಲು ಹುಳುಕು ಬೇಕಲ್ವಾ? ಕಿತ್ತ ಹಲ್ಲಿಗೆ ಹುಳುಕು ಬರಿಸುವುದು ಹೇಗೆ ಅಂತ ಪಿಜಿ ಮಕ್ಕಳು ಪ್ರತಿ ವರ್ಷ ಕೇಳುತ್ತಾರೆ.

ಹಲ್ಲಿಗೆ ತಂತಿ ಹಾಕುವಾಗ ಜಾಗ ಮಾಡಲು ಕಿತ್ತ ಪ್ರೀಮೋಲಾರ್ (ಕೋರೆಹಲ್ಲಿನ ಹಿಂದಿನ ಸಣ್ಣ ದವಡೆ ಹಲ್ಲು) ಒಳ್ಳೆಯದು. ರೋಗಿಯ ಒಪ್ಪಿಗೆ, ಎಥಿಕ್ಸ್ ಸಮಿತಿಯ ಕಾಗದ ಮೊದಲೇ ಇರಲಿ. ಸೂಕ್ಷ್ಮಜೀವಿ ಬೆಳೆಯದ ಹಾಗೆ ಶೇ 0.1ರ ಥೈಮಾಲ್‌ನಲ್ಲಿ ಇಡಿ. ಫ್ಲೋರೈಡ್ ಇಲ್ಲದ ಪ್ಯೂಮಿಸ್ ಪುಡಿಯಿಂದ ಉಜ್ಜಿ, ಬಿರುಕು ಅಥವಾ ಬಿಳಿ ಮಚ್ಚೆ ಇದ್ದರೆ ಪಕ್ಕಕ್ಕಿಡಿ.

ಇನ್ನು ಕಿಟಕಿ, ಅಂದರೆ ಹುಳುಕು ಬರಬೇಕಾದ ಜಾಗ. ಎನಾಮಲ್ (ಹಲ್ಲಿನ ಗಟ್ಟಿ ಹೊರಪದರ) ಮೇಲೆ 4 ಮಿ.ಮೀ. ಚೌಕ ಬಿಟ್ಟು ಉಳಿದಿದ್ದಕ್ಕೆಲ್ಲ ಎರಡು ಕೋಟು ನೇಲ್ ಪಾಲಿಶ್. ನಾನು ಮೊದಲ ಸಲ ಪಾಲಿಶ್ ಹಚ್ಚಿ ಆಮೇಲೆ ಆಟೋಕ್ಲೇವ್‌ಗೆ (ಒತ್ತಡದ ಬಿಸಿ ಹಬೆಯಲ್ಲಿ ಸೂಕ್ಷ್ಮಜೀವಿ ಕೊಲ್ಲುವ ಯಂತ್ರ) ಹಾಕಿದೆ. ಹೊರಗೆ ತೆಗೆದರೆ ಬಣ್ಣವೆಲ್ಲ ಗುಳ್ಳೆ ಎದ್ದು ಹಪ್ಪಳವಾಗಿತ್ತು. ಆರು ಹಲ್ಲು ಹಾಳು. ಅದಕ್ಕೇ ಮೊದಲು ಆಟೋಕ್ಲೇವ್, 121 ಡಿಗ್ರಿ, 15 ನಿಮಿಷ. ಆಮೇಲೆ ಶುದ್ಧ ಗಾಳಿ ಹರಿಯುವ ಲ್ಯಾಮಿನಾರ್ ಹುಡ್‌ನೊಳಗೆ ಪಾಲಿಶ್. ಕಡುಗೆಂಪು ತನ್ನಿ, ಬಣ್ಣವಿಲ್ಲದ್ದು ಹಚ್ಚಿದರೆ ಎಲ್ಲಿ ಬಿಟ್ಟಿದ್ದೀರಿ ಅಂತ ಕಾಣುವುದೇ ಇಲ್ಲ.

ಹೆಪ್ಪು ಯಾವುದು? ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂಬ ಬ್ಯಾಕ್ಟೀರಿಯಾ. 1924ರಲ್ಲಿ ಕ್ಲಾರ್ಕ್ ಎಂಬುವರು ಹುಳುಕು ಹಲ್ಲಿನಿಂದಲೇ ಇದನ್ನು ಬೇರ್ಪಡಿಸಿದ್ದರು. ನಾವು ಚಂಡೀಗಢದ ಎಂಟಿಸಿಸಿ ಎಂಬ ಸೂಕ್ಷ್ಮಜೀವಿ ಸಂಗ್ರಹದಿಂದ ತರಿಸುತ್ತೇವೆ. ಬಿಎಚ್‌ಐ ಬ್ರಾತ್ ಎಂಬ ಪೋಷಕ ದ್ರವದಲ್ಲಿ ಒಂದು ದಿನ ಬೆಳೆಸಿ, 0.5 ಮ್ಯಾಕ್‌ಫರ್ಲೆಂಡ್‌ನಷ್ಟು (ದ್ರವದ ಮಬ್ಬು ಅಳೆಯುವ ಮಾನದಂಡ) ಮಬ್ಬಾಗುವ ಹಾಗೆ ತಿಳಿ ಮಾಡಿ. ಇದನ್ನು ಸೇರಿಸಿ ಹಲ್ಲು ಮುಳುಗಿಸುವ ಬ್ರಾತ್‌ಗೆ ಶೇ 5ರಷ್ಟು ಸುಕ್ರೋಸ್ ಬೇಕು. ಗ್ಲೂಕೋಸ್ ಹಾಕಿದರೂ ಆಸಿಡ್ ಬರುತ್ತದೆ, ಆದರೆ ಹಲ್ಲಿಗೆ ಅಂಟಿಕೊಳ್ಳಲು ಬೇಕಾದ ಗೋಂದನ್ನು ಈ ಬ್ಯಾಕ್ಟೀರಿಯಾ ಸುಕ್ರೋಸ್‌ನಿಂದ ಮಾತ್ರ ಮಾಡುತ್ತದೆ. ಸಕ್ಕರೆಯನ್ನು ಬ್ರಾತ್ ಜೊತೆ ಬೇಯಿಸಬೇಡಿ, ಕಂದು ತಿರುಗುತ್ತದೆ. ಸಕ್ಕರೆ ನೀರನ್ನು ಪ್ರತ್ಯೇಕವಾಗಿ ಫಿಲ್ಟರ್ ಮಾಡಿ ಸೇರಿಸಿ.

ಕ್ಯಾಂಡಲ್ ಜಾರ್‌ನಲ್ಲಿ (ಒಳಗೆ ಮೇಣದಬತ್ತಿ ಉರಿಸಿ ಆಮ್ಲಜನಕ ಕಡಿಮೆ ಮಾಡಿ ಮುಚ್ಚುವ ಜಾಡಿ) ಇಟ್ಟು 37 ಡಿಗ್ರಿ ಇನ್‌ಕ್ಯುಬೇಟರ್‌ಗೆ. ನಮ್ಮಲ್ಲಿ ಕರೆಂಟ್ ಹೋದರೆ ಬಾಗಿಲು ತೆಗೆಯಬೇಡಿ, ಬಿಸಿ ಅಷ್ಟಾದರೂ ಉಳಿಯಲಿ. ಎರಡು ದಿನಕ್ಕೊಮ್ಮೆ ಬ್ರಾತ್ ಬದಲಿಸಿ. ಹಳೆಯದನ್ನು ಸುಮ್ನೆ ಚೆಲ್ಲಬೇಡಿ. ಒಂದು ಹನಿಗೆ ಗ್ರಾಂ ಸ್ಟೇನ್ ಬಣ್ಣ ಹಾಕಿ ಮೈಕ್ರೋಸ್ಕೋಪ್‌ನಲ್ಲಿ ನೋಡಿ, ನೇರಳೆ ಮಣಿಸರದ ಹಾಗೆ ಕಾಣಬೇಕು. ಕಡ್ಡಿ ಆಕಾರ ಕಂಡರೆ ಬೇರೆಯವರು ನುಗ್ಗಿದ್ದಾರೆ, ಮೊದಲಿಂದ ಶುರು ಮಾಡಿ. ಪಿಎಚ್ ಕೂಡ ನೋಡಿ. 7.4ರ ಬ್ರಾತ್ 4ರ ಹತ್ತಿರ ಬಂದಿರುತ್ತದೆ. ಸುಮಾರು 5.5ರ ಕೆಳಗೆ ಎನಾಮಲ್ ಕರಗಲು ಶುರು. ಹೋಲಿಸಿ ನೋಡಲು ಬ್ಯಾಕ್ಟೀರಿಯಾ ಹಾಕದ ಒಂದು ಬಾಟಲಿಯೂ ಪಕ್ಕದಲ್ಲಿರಲಿ. ಎಲ್ಲವನ್ನೂ ಆಟೋಕ್ಲೇವ್ ಮಾಡಿಯೇ ಬಿಸಾಡಬೇಕು.

ಕಷ್ಟದ ಕೆಲಸ ನಿಲ್ಲಿಸುವುದು. ನಮಗೆ ಬೇಕಿರುವುದು ತೂತಲ್ಲ. ಮೇಲ್ಪದರ ಗಟ್ಟಿಯಾಗಿ ಉಳಿದು, ಕೆಳಗೆ ಖನಿಜ ಹೋಗಿ ಸಣ್ಣ ರಂಧ್ರಗಳಾದ ಹಂತ. ಬ್ಯಾಕ್ಟೀರಿಯಾವನ್ನು ಹಾಗೇ ಇರಲು ಬಿಟ್ಟರೆ ಅದು ಜಾಸ್ತಿಯೇ ತಿನ್ನುತ್ತದೆ, ಮೇಲ್ಪದರವೇ ಮೆತ್ತಗಾಗುತ್ತದೆ. ದಿನಕ್ಕೆ ಕೆಲವು ಗಂಟೆ ಕೃತಕ ಜೊಲ್ಲಿನಲ್ಲಿ ಇಟ್ಟರೆ ಆ ಪದರ ಉಳಿಯುವ ಸಾಧ್ಯತೆ ಹೆಚ್ಚು. ಐದನೇ ದಿನದಿಂದ ಒಂದೊಂದು ಹಲ್ಲು ತೆಗೆದು ನೋಡಿ.

ನೋಡುವ ರೀತಿ ಹೀಗೆ. ತೊಳೆದ ಸ್ಲೇಟು ಒದ್ದೆ ಇರುವಾಗ ಕಪ್ಪಗೆ ಮಿಂಚುತ್ತದೆ, ಒಣಗಿದ ಮೇಲೆ ಬಳಪದ ಬಿಳುಪು ಎದ್ದು ಬರುತ್ತದೆ ಅಲ್ವಾ? ಹಲ್ಲೂ ಹಾಗೇ. ರಂಧ್ರದಲ್ಲಿ ನೀರಿದ್ದರೆ ಬೆಳಕು ಅಷ್ಟಾಗಿ ಚದುರುವುದಿಲ್ಲ. ಗಾಳಿ ಊದಿ ನೀರು ಹೋದ ಕೂಡಲೇ ಸುಣ್ಣದಂಥ ಮಚ್ಚೆ. ಒದ್ದೆಯಲ್ಲೇ ಕಂಡರೆ ಇನ್ನೂ ಆಳಕ್ಕೆ ಹೋಗಿದೆ ಅಂತ. ನಿಜವಾದ ಆಳ ಬೇಕಾದರೆ ಒಂದು ಹಲ್ಲನ್ನು ತೆಳ್ಳಗೆ ಸೀಳಿ ಪೋಲರೈಸ್ಡ್ ಮೈಕ್ರೋಸ್ಕೋಪ್‌ನಲ್ಲಿ ನೋಡಿ. ಚೂಪಾದ ಪ್ರೋಬ್‌ನಿಂದ ಮಾತ್ರ ಚುಚ್ಚಬೇಡಿ. ಹೋದ ವರ್ಷ ಒಬ್ಬ ಹುಡುಗ "ಮೆತ್ತಗಿದೆಯಾ ನೋಡ್ತೀನಿ ಮೇಡಂ" ಅಂತ ಒತ್ತಿದ, ಹನ್ನೆರಡು ದಿನದ ಮಚ್ಚೆ ಕುಳಿಯಾಯಿತು.

ಆದ ಹಲ್ಲುಗಳನ್ನು ಒದ್ದೆ ಹತ್ತಿ ಹಾಕಿದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಡಿ. ಲೇಬಲ್ ಪೆನ್ಸಿಲ್‌ನಲ್ಲಿ ಬರೆಯಿರಿ, ಇಂಕು ಸ್ಪಿರಿಟ್ ತಗುಲಿದರೆ ಅಳಿಸಿಹೋಗುತ್ತದೆ.