ಆಗುಂಬೆ ಘಾಟಿಯ ಬ್ರೇಕು, 400 ರೂಪಾಯಿಯ ಹೋಸು: ನನ್ನ ಅನುಭವ

ನಮ್ಮದು 2001ರ ಮಾರುತಿ ಝೆನ್ ಕಾರು. ಆರ್‌ಸಿ ಎರಡು ಸಲ ನವೀಕರಣ ಆಗಿದೆ, ಓಡಿದ್ದು ಒಂದು ಲಕ್ಷ ಅರವತ್ತು ಸಾವಿರದ ಆಸುಪಾಸು. ಹೆಂಡತಿಯ ತವರು ಹೆಬ್ರಿ. ತೀರ್ಥಹಳ್ಳಿಯಿಂದ ತಿಂಗಳಿಗೆ ಎರಡು ಸಲವಾದರೂ ಆಗುಂಬೆ ಘಾಟಿ ಇಳಿಯಲೇಬೇಕು.

ಆ ದಿನ ಹದಿನಾಲ್ಕು ತಿರುವಿನಲ್ಲಿ ಎಂಟೋ ಒಂಬತ್ತೋ ಕಳೆದಿತ್ತು. ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಯಿತು. ಇನ್ನೊಮ್ಮೆ ಒತ್ತಿದೆ, ಹೆಚ್ಚುಕಡಿಮೆ ನೆಲಕ್ಕೇ ತಾಗಿತು. ತೀರಾ ಕೊನೆಗೆ ಸ್ವಲ್ಪ ಹಿಡಿತ ಸಿಕ್ಕಿದ್ದು ಬ್ರೇಕಿನ ಎರಡು ಪ್ರತ್ಯೇಕ ಪೈಪುಜಾಲಗಳಲ್ಲಿ (ಸರ್ಕ್ಯೂಟ್) ಎರಡನೆಯದು ಬದುಕಿದ್ದರಿಂದ. ಸೆಕೆಂಡ್ ಗೇರಿನಲ್ಲಿದ್ದೆ, ಫಸ್ಟಿಗೆ ತಂದೆ. ಹ್ಯಾಂಡ್‌ಬ್ರೇಕಿನ ಗುಂಡಿ ಒತ್ತಿಹಿಡಿದು ಮೆಲ್ಲಮೆಲ್ಲ ಎಳೆಯುತ್ತ ಗುಡ್ಡದ ಬದಿಗೆ ಒತ್ತಿ ನಿಲ್ಲಿಸಿದೆ. ಹಿಂದಿನ ಸೀಟಿನಲ್ಲಿ ಅಮ್ಮ, ಇಬ್ಬರು ಮಕ್ಕಳು. ಕೈನಡುಕ ನಿಲ್ಲುವುದಕ್ಕೇ ಹತ್ತು ನಿಮಿಷ ಬೇಕಾಯಿತು.

ಅರ್ಧ ಗಂಟೆ ಬಿಟ್ಟು ಒತ್ತಿದರೆ ಪೆಡಲ್ ಕಲ್ಲಿನ ಹಾಗೆ ಗಟ್ಟಿ! ಎಲ್ಲರೂ ದಾರಿ ತಪ್ಪಿದ್ದು ಇಲ್ಲೇ. ಗ್ಯಾರೇಜಿಗೆ ಒಯ್ದರೆ ಗಾಡಿ ತಣ್ಣಗಿರುತ್ತದೆ, ಪೆಡಲ್ ಸರಿ ಇರುತ್ತದೆ. ಮೊದಲನೆಯವರು ಬ್ರೇಕ್ ಪೈಪಿಗೆ ಗಾಳಿ ಸೇರಿದೆ ಎಂದು ಬ್ಲೀಡ್ ಮಾಡಿ (ಗಾಳಿ ಹೊರಹಾಕಿ) 600 ತಗೊಂಡರು. ಮುಂದಿನ ಸಲ ಒಬ್ಬನೇ ಇಳಿದೆ, ಮತ್ತೆ ಅದೇ ಪಾಡು. ಎರಡನೆಯವರು ಪೆಡಲಿನ ಒತ್ತಡವನ್ನು ಪೈಪುಗಳಿಗೆ ಕಳಿಸುವ ಮಾಸ್ಟರ್ ಸಿಲಿಂಡರ್ ಬದಲಿಸಿದರು, ಮಜೂರಿ ಸೇರಿ 3,200. ಮೂರನೆಯವರು ಹಿಂದಿನ ವೀಲ್ ಸಿಲಿಂಡರು, ಶೂ, ಡ್ರಮ್ಮಿಗೆ ಲೇತ್ ಕೆಲಸ ಎಂದು 2,800ರ ಹತ್ತಿರ ಮಾಡಿದರು. ಹ್ಯಾಂಡ್‌ಬ್ರೇಕ್ ಚೆನ್ನಾಯಿತು, ಅದು ಹೌದು. ಆದರೆ ಘಾಟಿಯಲ್ಲಿ ಪೆಡಲ್ ಮತ್ತೆ ಇಳಿಯಿತು. ಟೋಯಿಂಗ್ ಸೇರಿಸಿದರೆ ಎಂಟು ಸಾವಿರ ದಾಟಿತ್ತು. ಭಾವ ಗುಜರಿಗೆ ಹಾಕಿ ಎಂದ. ಅಪ್ಪ ತಗೊಂಡ ಕಾರು, ನನಗೆ ಮನಸ್ಸು ಬರಲಿಲ್ಲ.

ಬಿಸಿಯಾದಾಗ ಹೋಗಿ ತಣಿದಾಗ ಬರುವ ಪೆಡಲ್ ಎಂದರೆ ಫ್ಲೂಯಿಡ್ (ಬ್ರೇಕ್ ಎಣ್ಣೆ) ಕುದಿದು ಆವಿಯಾಗುತ್ತಿದೆ, ಅಷ್ಟೇ; ಆವಿ ಅದುಮಿಕೊಳ್ಳುವುದರಿಂದ ಪೆಡಲ್ ಒಳಗೆ ಹೋಗುತ್ತದೆ. ಎಲ್ಲಿ ಕುದಿಯುತ್ತಿದೆ, ಅಷ್ಟು ಶಾಖ ಎಲ್ಲಿಂದ ಎನ್ನುವುದನ್ನು ಯಾರೂ ಹುಡುಕಿರಲಿಲ್ಲ. 1,100 ಕೊಟ್ಟು ಇನ್‌ಫ್ರಾರೆಡ್ ಥರ್ಮಾಮೀಟರ್ ಗನ್ ತರಿಸಿದೆ. ಸಪಾಟು ರಸ್ತೆಯಲ್ಲಿ ಬ್ರೇಕ್ ಆದಷ್ಟು ಮುಟ್ಟದೆ ಏಳೆಂಟು ಕಿಲೋಮೀಟರ್ ಓಡಿಸಿ ಡಿಸ್ಕ್ ನೋಡಿದೆ. ಬಲಗಡೆ 60 ಡಿಗ್ರಿಯ ಸುಮಾರು, ಎಡಗಡೆ 150 ದಾಟಿತ್ತು. ಡಿಸ್ಕನ್ನು ಅದುಮುವ ಎಡ ಕ್ಯಾಲಿಪರ್ ಹಿಡಿದುಕೊಂಡೇ ಇತ್ತು!

ಕ್ಯಾಲಿಪರ್ ಜಾರುವ ಸ್ಲೈಡ್ ಪಿನ್ ಜಾಮ್ ಇರಬೇಕೆಂದು ಬಿಚ್ಚಿದೆ. ಒಂದು ಪಿನ್ ಸ್ವಲ್ಪ ಬಿಗಿ ಇತ್ತು, ಸಿಲಿಕೋನ್ ಗ್ರೀಸ್ ಹಾಕಿದೆ. ಬೇರಿಂಗಿನ ಗ್ರೀಸ್ ಅಲ್ಲಿಗೆ ಬೇಡ, ರಬ್ಬರ್ ಉಬ್ಬುತ್ತದೆ. ಪಿಸ್ಟನ್ ಸೀಲ್ ಕಿಟ್ಟೂ ಹಾಕಿದೆ, 350. ಮರುದಿನ ನೋಡಿದರೆ ಮತ್ತೆ 140. ಒಂದು ಇಡೀ ಭಾನುವಾರ ನೀರಲ್ಲಿ ಹೋಮ.

ಸಿಕ್ಕಿದ್ದು ಮುಂದಿನ ವಾರ. ಓಡಿಸಿ ತಂದು, ಬಿಸಿ ಇರುವಾಗಲೇ ಜಾಕ್ ಕೊಟ್ಟೆ. ಗಾಲಿ ಕೈಯಲ್ಲಿ ತಿರುಗಲಿಲ್ಲ. ಮೊದಲು ಕಬ್ಬಿಣದ ಪೈಪು ರಬ್ಬರ್ ಹೋಸಿಗೆ ಸೇರುವ ನಟ್ ಸಡಿಲಿಸಿದೆ. ಹನಿ ಬಂತು, ಗಾಲಿ ಇನ್ನೂ ಬಿಗಿಯಾಗೇ ಇತ್ತು. ಆಮೇಲೆ ಕ್ಯಾಲಿಪರಿನ ನಿಪ್ಪಲ್ (ಫ್ಲೂಯಿಡ್ ಹೊರಬಿಡುವ ಸಣ್ಣ ತಿರುಪು) ತೆರೆದೆ. ಚಿಳ್ಳನೆ ಹಾರಿತು, ಗಾಲಿ ಸರಾಗವಾಗಿ ತಿರುಗಿತು. ಅಂದರೆ ಒತ್ತಡ ಸಿಕ್ಕಿಬಿದ್ದಿದ್ದು ಇವೆರಡರ ನಡುವೆ, ಹೋಸಿನ ಒಳಗೆ. ಕಾಲಿನ ಬಲಕ್ಕೆ ಫ್ಲೂಯಿಡ್ ಒಳಗೆ ಹೋಗುತ್ತದೆ, ಕಾಲು ತೆಗೆದರೆ ವಾಪಸ್ ಬರುವುದಿಲ್ಲ.

ಮೂರನೇ ಗ್ಯಾರೇಜಿನವರಿಗೆ ಹೇಳಿದರೆ ನಂಬಲಿಲ್ಲ. "ಹೋಸು ಹೊಸದರ ಹಾಗಿದೆಯಲ್ಲ ಮಾರಾಯ್ರೆ, ಒಂದು ಬಿರುಕಿಲ್ಲ" ಎಂದರು. ಹೊರಗೆ ನಿಜವಾಗಿಯೂ ಬಿರುಕಿರಲಿಲ್ಲ. ಬದಲಿಸಿ, ಹಳೆಯದನ್ನು ಅವರ ಎದುರೇ ಬ್ಲೇಡಿನಲ್ಲಿ ಸೀಳಿದೆ. ಒಳಗಿನ ರಬ್ಬರ್ ಉಬ್ಬಿ, ಸೂಜಿ ತೂರುವಷ್ಟು ತೂತು ಉಳಿದಿತ್ತು. ಆ ತುಂಡು ಈಗಲೂ ಅವರ ಟೇಬಲ್ ಮೇಲಿದೆ. ಬಂದವರಿಗೆ ಅವರೇ ತೋರಿಸುತ್ತಾರೆ.

ಇನ್ನೊಂದು ವಿಷಯ. ಎಡ ಮುಂದಿನ ನಿಪ್ಪಲ್ ತುಕ್ಕು ಹಿಡಿದು ಕೂತಿದ್ದರಿಂದ ಮೂರು ಗ್ಯಾರೇಜಿನವರೂ ಅದನ್ನು ಮುಟ್ಟಿರಲಿಲ್ಲ. ಹಾಗಾಗಿ ಎಲ್ಲಕ್ಕಿಂತ ಹಳೆಯ ಫ್ಲೂಯಿಡ್ ಎಲ್ಲಕ್ಕಿಂತ ಬಿಸಿಯ ಜಾಗದಲ್ಲೇ ಉಳಿದಿತ್ತು. ತೆಗೆದಾಗ ಗಟ್ಟಿ ಡಿಕಾಕ್ಷನ್ ಬಣ್ಣ. ಆ ನಿಪ್ಪಲನ್ನು ಮುರಿಯದೆ ಹೇಗೆ ಬಿಚ್ಚಿದೆ ಎಂದು ತುಂಬಾ ಜನ ಕೇಳಿದ್ದಾರೆ. ಅದೊಂದನ್ನು ಬರೆಯುವುದಿಲ್ಲ, ಎದುರು ಬಂದರೆ ತೋರಿಸುತ್ತೇನೆ. ಬರೀ ತುಕ್ಕು ಬಿಡಿಸುವ ಸ್ಪ್ರೇಯಿಂದ ಆಗಿದ್ದಲ್ಲ ಎಂದಷ್ಟೇ ಹೇಳಬಲ್ಲೆ.

ಡಾಟ್ 3 ಎನ್ನುವ ದರ್ಜೆಯ ಫ್ಲೂಯಿಡ್ ಹೊಸದಿದ್ದಾಗ 205 ಡಿಗ್ರಿಯವರೆಗಾದರೂ ಕುದಿಯಬಾರದು, ನೀರು ಹೀರಿದ ಮೇಲೆ ಮಾನದಂಡ ಬರೀ 140. ಡಾಟ್ 4ಕ್ಕೆ ಇದೇ ಲೆಕ್ಕ 230 ಮತ್ತು 155. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಅದು ಎಷ್ಟು ನೀರು ಕುಡಿಯುತ್ತದೆ ನೋಡೋಣ ಎಂದು ಜುಲೈನಲ್ಲಿ 50 ಗ್ರಾಂ ಹೊಸ ಫ್ಲೂಯಿಡನ್ನು ಅಗಲ ಬಾಯಿಯ ಬಾಟಲಿಗೆ ಹಾಕಿ, ತೆಳು ಬಟ್ಟೆ ಕಟ್ಟಿ, ಮಕ್ಕಳ ಕೈಗೆ ಸಿಗದ ಅಟ್ಟದಲ್ಲಿಟ್ಟೆ. ಹತ್ತು ದಿನಕ್ಕೆ ತೂಕ 53ರ ಮೇಲಿತ್ತು. ಕಾರಿನ ಡಬ್ಬಿಗೆ ಮುಚ್ಚಳ ಇರುತ್ತದೆ, ಅಷ್ಟು ಬೇಗ ಹೀರುವುದಿಲ್ಲ, ಒಪ್ಪುತ್ತೇನೆ. ಆದರೆ ಅಂದಿನಿಂದ ಅರ್ಧ ಉಳಿದ ಬಾಟಲಿಯನ್ನು ಮುಂದಿನ ವರ್ಷಕ್ಕೆ ಇಡುವುದು ಬಿಟ್ಟೆ.

ಇಡೀ ಸಿಸ್ಟಮ್ ಡಾಟ್ 4 ಹಾಕಿ ತೊಳೆದೆ, ಮುಕ್ಕಾಲು ಲೀಟರ್ ಹೋಯಿತು. ಡಾಟ್ 5 ಎಂದು ಬರೆದದ್ದು ಸಿಲಿಕೋನಿನದು, ಅದನ್ನು ಇದಕ್ಕೆ ಬೆರೆಸಬೇಡಿ. ಬ್ಲೀಡಿಂಗಿಗೆ ಡ್ರಿಪ್ಪಿನ ನಳಿಗೆ ಮತ್ತು ನೀರಿನ ಬಾಟಲಿ, ಪೆಡಲ್ ಒತ್ತಲು ಹೆಂಡತಿ. ಹಿಂದಿನ ಗ್ಯಾರೇಜಿನವರಿಗಿಂತ ಅವಳ ಕಾಲಿನ ತಾಳವೇ ಚೆನ್ನಾಗಿತ್ತು. ಎರಡೂ ಬದಿಯ ಹೋಸಿಗೆ 800 ಚಿಲ್ಲರೆ, ಫ್ಲೂಯಿಡಿಗೆ 450, ಗ್ರೀಸಿಗೆ 150. ಕಿಟ್ಟೂ ಸೇರಿದರೆ ಗನ್ ಬಿಟ್ಟು 1,800ರ ಒಳಗೆ.

ಆಮೇಲೆ ಎರಡು ಮಳೆಗಾಲ ಕಳೆದಿದೆ. ಹೋದ ತಿಂಗಳು ಐದು ಜನ, ಮೇಲೆ ಒಂದು ಮೂಟೆ ಅಕ್ಕಿ ಹಾಕಿಕೊಂಡು ಇಳಿದೆ. ಘಾಟಿಯ ಬುಡದ ಸೋಮೇಶ್ವರದಲ್ಲಿ ನಿಲ್ಲಿಸಿ ಗನ್ ಹಿಡಿದರೆ ಎಡ 128, ಬಲ 121. ಪೆಡಲ್ ಮೇಲೆಯೇ ಇತ್ತು. ಹಿಂದಿನ ಹೋಸುಗಳು ಇನ್ನೂ ಹಳೆಯವೇ, ದೀಪಾವಳಿ ರಜೆಗೆ ಅವನ್ನೂ ಬಿಚ್ಚುತ್ತೇನೆ.