ಪಾದ್ರಿ, ನಿಮ್ಮ ಅಂಗಡಿ ಎಲ್ಲಿದೆ?

ಟಾಂಜಾನಿಯಾಕ್ಕೆ ಮಿಷನರಿ ಗುರುವಾಗಿ ಬಂದ ಮೊದಲ ವರ್ಷ ನಾನು ಅತಿ ಹೆಚ್ಚು ಸಲ ಉತ್ತರಿಸಿದ ಪ್ರಶ್ನೆ "ನಿಮ್ಮ ಅಂಗಡಿ ಎಲ್ಲಿದೆ?" ಎಂಬುದು. ಯುರೋಪಿನಿಂದ ಬಂದ ಗುರುವನ್ನು ಕಂಡರೆ ಮಕ್ಕಳು "ಮ್ಜುಂಗು" ಎಂದು ಕೂಗುತ್ತಾರೆ, ನನ್ನನ್ನು ಕಂಡರೆ "ಮ್ಹಿಂದಿ" ಎನ್ನುತ್ತಾರೆ. ಮ್ಹಿಂದಿ ಎಂದರೆ ಭಾರತೀಯ. ಇಲ್ಲಿನ ಪಟ್ಟಣಗಳಲ್ಲಿ ಭಾರತೀಯ ಮೂಲದವರು ತಲೆಮಾರುಗಳಿಂದ ವ್ಯಾಪಾರ ಮಾಡಿಕೊಂಡು ಬಂದಿರುವುದರಿಂದ, ಹಳ್ಳಿಯವರ ಮನಸ್ಸಿನಲ್ಲಿ ಆ ಮುಖಕ್ಕೆ ಒಂದು ಗಲ್ಲಾಪೆಟ್ಟಿಗೆ ತಾನಾಗಿಯೇ ಅಂಟಿಕೊಂಡಿರುತ್ತದೆ. ಅಂಗಡಿಗೆ ಸ್ವಾಹಿಲಿಯಲ್ಲಿ "ದುಕಾ" ಎನ್ನುತ್ತಾರೆ. ನಮ್ಮ ದುಕಾನಿನ ನೆಂಟನಂತಿರುವ ಆ ಪದ ನನಗೆ ಪಾಠದಿಂದಲ್ಲ, ಈ ಪ್ರಶ್ನೆಯಿಂದಲೇ ಬಾಯಿಪಾಠವಾಯಿತು. ಗುರುವಿಗೆ ಇಲ್ಲಿಯೂ "ಪಾದ್ರಿ" ಎಂದೇ ಹೇಳುತ್ತಾರೆಂಬುದು ಮೊದಲ ವಾರದ ಸಮಾಧಾನವಾಗಿತ್ತು, ಆದರೆ ಮ್ಹಿಂದಿಯೊಬ್ಬ ಪಾದ್ರಿಯಾಗಿರಬಹುದೆಂದು ನಂಬಿಸಲು ನಿಲುವಂಗಿಯೊಂದೇ ಸಾಲಲಿಲ್ಲ.

ವಿಕ್ಟೋರಿಯಾ ಸರೋವರದ ದಂಡೆಯ ಮುಸೋಮಾದಲ್ಲಿ ನಾಲ್ಕು ತಿಂಗಳು ಸ್ವಾಹಿಲಿ ಕಲಿತು, ಮ್ವಾಂಜಾ ನಗರದಿಂದ ಒಳನಾಡಿನ ಕಡೆಗಿರುವ ಸುಕುಮಾ ಜನರ ಹಳ್ಳಿಗಳ ಧರ್ಮಕೇಂದ್ರಕ್ಕೆ ನಾನು ಬಂದೆ. ಬಂದ ದಿನವೇ ನಮ್ಮ ಮನೆಯ ಹಿರಿಯ ಗುರುಗಳು ಊರಿನ ಕ್ರೈಸ್ತರಿಗೆ ಧರ್ಮಪಾಠ ಹೇಳಿಕೊಡುವ ಉಪದೇಶಿಯನ್ನು ಕರೆದು, ಆರು ತಿಂಗಳವರೆಗೆ ಯಾರೂ ನನ್ನೊಡನೆ ಇಂಗ್ಲಿಷಿನಲ್ಲಿ ಮಾತನಾಡಕೂಡದೆಂದು ಎಲ್ಲರಿಗೂ ತಿಳಿಸುವಂತೆ ಹೇಳಿದರು. ಇದು ನನಗೆ ಅಂದು ಅವಮಾನದಂತೆ ತೋರಿತು. ತತ್ವಶಾಸ್ತ್ರ, ದೈವಶಾಸ್ತ್ರಗಳನ್ನು ವರ್ಷಗಟ್ಟಲೆ ಓದಿ ಗುರುದೀಕ್ಷೆ ಪಡೆದು ಬಂದವನು ಉಪ್ಪು ಬೇಕೆಂದು ಕೇಳಲು ಬಾರದೆ ಊಟದ ಮೇಜಿನಲ್ಲಿ ಬೆರಳು ತೋರಿಸುತ್ತ ಕುಳಿತಿರಬೇಕಾಯಿತು. ಸೆಮಿನರಿಯಲ್ಲಿ ನಮಗೆ ಬಡತನದ ವ್ರತವನ್ನು ಕುರಿತು ಬಹಳಷ್ಟು ಹೇಳಿಕೊಟ್ಟಿದ್ದರು. ಮಾತಿನ ಬಡತನದ ವಿಚಾರ ಅಲ್ಲಿ ಎಂದೂ ಬಂದಿರಲಿಲ್ಲ.

ಭಾಷೆ ಕಲಿಯಲು ನಾನು ಮಾಡಿದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಉಳಿದೆಲ್ಲ ಕೆಲಸವೂ ಅದರ ಮೇಲೆಯೇ ನಿಂತಿತ್ತು. ಕನ್ನಡಿಗನಿಗೆ ಸ್ವಾಹಿಲಿಯ ಉಚ್ಚಾರಣೆ ಕಷ್ಟವಲ್ಲ. ಪದಗಳು ನಮ್ಮವುಗಳಂತೆಯೇ ಸ್ವರದಲ್ಲಿ ಮುಗಿಯುತ್ತವೆ, ಬರೆದಂತೆ ಓದಬಹುದು. ಒಂದೇ ಕ್ರಿಯಾಪದದೊಳಗೆ ಇಡೀ ವಾಕ್ಯವನ್ನು ಅಡಗಿಸುವ ಅಭ್ಯಾಸವೂ ನಮಗೆ ಹೊಸದಲ್ಲ. ತೊಡಕು ಇರುವುದು ದಿಕ್ಕಿನಲ್ಲಿ. ನಾವು "ಬರುತ್ತೇನೆ" ಎನ್ನುವಾಗ ಬರುವವನು ಯಾರೆಂಬುದು ಕೊನೆಯಲ್ಲಿ ತಿಳಿಯುತ್ತದೆ, ಅವರು "ನಿನಕೂಜಾ" ಎನ್ನುವಾಗ ಮೊದಲ ಅಕ್ಷರದಲ್ಲೇ "ನಾನು" ಬಂದು ಕುಳಿತಿರುತ್ತದೆ. "ನಿತಕುವಾಂಬಿಯಾ" ಎಂಬ ಒಂದು ಪದದಲ್ಲಿ ನಾನು, ಮುಂದೆ, ನಿನಗೆ, ಹೇಳು ಎಂಬ ನಾಲ್ಕೂ ಸಾಲಾಗಿ ನಿಂತಿವೆ. ಬಾಲದಿಂದ ಯೋಚಿಸುವ ತಲೆಯನ್ನು ಮೂತಿಯಿಂದ ಯೋಚಿಸುವಂತೆ ತಿರುಗಿಸಲು ನನಗೆ ತಿಂಗಳುಗಳೇ ಹಿಡಿದವು. ಅದರ ಮೇಲೆ ನಾಮಪದಗಳ ವರ್ಗಗಳು: ಪುಸ್ತಕ ಒಂದಾದರೆ "ಕಿತಾಬು", ಹಲವಾದರೆ "ವಿತಾಬು", ಪುಸ್ತಕ ದೊಡ್ಡದೆಂದು ಹೇಳಬೇಕಾದರೆ ದೊಡ್ಡದೆಂಬ ಪದವೂ ಅದೇ ತಲೆಯನ್ನು ಹೊತ್ತುಕೊಳ್ಳಬೇಕು.

ವ್ಯಾಕರಣದ ಪುಸ್ತಕವನ್ನು ಬೆಳಗಿನ ಒಂದು ಗಂಟೆಗೆ ಮಿತಿಗೊಳಿಸಿ, ಉಳಿದ ಹೊತ್ತು ಕೆಲಸವಿರುವಲ್ಲಿ ಹೋಗಿ ಕುಳಿತೆ. ಹೆಂಗಸರು ಹತ್ತಿ ಬಿಡಿಸುವಲ್ಲಿ, ಸೈಕಲ್ ರಿಪೇರಿ ಮಾಡುವವನ ಮರದಡಿಯಲ್ಲಿ, ಕೊಳವೆಬಾವಿಯ ಸಾಲಿನಲ್ಲಿ. ಜೇಬಿನಲ್ಲಿ ಒಂದು ಚಿಕ್ಕ ನೋಟ್ ಪುಸ್ತಕವಿತ್ತು. ದಿನಕ್ಕೆ ಹತ್ತು ಪದಗಳನ್ನು ಕನ್ನಡ ಲಿಪಿಯಲ್ಲಿಯೇ ಬರೆದುಕೊಂಡು, ಸಂಜೆ ಅವುಗಳಲ್ಲಿ ಪ್ರತಿಯೊಂದನ್ನೂ ಒಬ್ಬ ಮನುಷ್ಯನ ಮೇಲಾದರೂ ಪ್ರಯೋಗಿಸದೆ ಮನೆಗೆ ಮರಳುತ್ತಿರಲಿಲ್ಲ. ನನ್ನ ನಿಜವಾದ ಗುರುಗಳು ಏಳೆಂಟು ವರ್ಷದ ಮಕ್ಕಳು. ದೊಡ್ಡವರು ಮರ್ಯಾದೆಗಾಗಿ ತಪ್ಪನ್ನು ನುಂಗಿಕೊಳ್ಳುತ್ತಾರೆ, ಮಕ್ಕಳು ಬಿದ್ದು ಬಿದ್ದು ನಗುತ್ತಾರೆ, ನಕ್ಕ ಮೇಲೆ ಸರಿಯಾದುದನ್ನು ಹೇಳಿಕೊಡುತ್ತಾರೆ.

ನಗಲು ನಾನು ಧಾರಾಳವಾಗಿ ಅವಕಾಶ ಕೊಟ್ಟಿದ್ದೇನೆ. ಒಂದು ಮನೆಯಲ್ಲಿ ಊಟ ಮುಗಿಸಿ, ಹೊಟ್ಟೆ ತುಂಬಿತು ಎಂಬರ್ಥದ "ನಿಮೆಶಿಬಾ" ಎನ್ನುವ ಬದಲು "ನಿಮೆಇಬಾ" ಎಂದೆ. ಅದರ ಅರ್ಥ "ನಾನು ಕದ್ದಿದ್ದೇನೆ." ಮನೆಯ ಯಜಮಾನಿ ತಟ್ಟೆಗಳನ್ನು ಎಣಿಸುವಂತೆ ನಟಿಸಿದರು. ಪಾಸ್ಖಕಾಲದ, ಎಂದರೆ ಈಸ್ಟರ್ ಕಾಲದ, ನಾಲ್ಕನೆಯ ಭಾನುವಾರ, ಒಳ್ಳೆಯ ಕುರಿಗಾಹಿಯ ಶುಭಸಂದೇಶದ ದಿನ, ಕುರಿಗಾಹಿಗೆ "ಮ್ಚುಂಗಾಜಿ" ಎನ್ನಬೇಕಾದಲ್ಲಿ "ಮ್ಚುಂಬಾ" ಎಂದುಬಿಟ್ಟೆ. ಯೇಸು ನಮ್ಮೆಲ್ಲರ ಒಳ್ಳೆಯ ನಿಶ್ಚಿತ ವರನೆಂದು ಮೂರು ಸಲ ಘೋಷಿಸಿದ ಮೇಲೆಯೇ ಹಿಂದಿನ ಬೆಂಚಿನ ಯುವತಿಯರು ತಲೆ ತಗ್ಗಿಸಿ ಅಲುಗಾಡುತ್ತಿರುವುದು ಕಂಡಿತು. ಅಂದಿನಿಂದ ಪ್ರಬೋಧನೆಯನ್ನು ಶನಿವಾರ ರಾತ್ರಿಯೇ ಬರೆದು ಉಪದೇಶಿಗೆ ಗಟ್ಟಿಯಾಗಿ ಓದಿ ಹೇಳುವುದನ್ನು ರೂಢಿ ಮಾಡಿಕೊಂಡೆ. ಅವರು ತಿದ್ದುತ್ತಿದ್ದುದು ಪದಗಳನ್ನಷ್ಟೇ ಅಲ್ಲ. "ಪಾದ್ರಿ, ಇದು ಸರಿಯಾದ ಸ್ವಾಹಿಲಿಯೇ, ಆದರೆ ನಮ್ಮಲ್ಲಿ ಯಾರಿಗೂ ಈ ಚಿಂತೆ ಇಲ್ಲ" ಎಂದು ಒಮ್ಮೆ ಹೇಳಿ, ಎರಡು ಪುಟ ಹೊಡೆದುಹಾಕಿಸಿದರು. ಅವರು ಹೇಳಿದ್ದು ನಿಜವಾಗಿತ್ತು.

ಗಡಿಯಾರದ ವಿಷಯವನ್ನೂ ಹೇಳಬೇಕು. ಸ್ವಾಹಿಲಿಯಲ್ಲಿ ದಿನ ಸೂರ್ಯೋದಯದಿಂದ ಆರಂಭವಾಗುವುದರಿಂದ ಬೆಳಗಿನ ಏಳು ಗಂಟೆಗೆ "ಸಾ ಮೋಜಾ", ಎಂದರೆ ಒಂದು ಗಂಟೆ. ಭೂಮಧ್ಯರೇಖೆಗೆ ಇಷ್ಟು ಹತ್ತಿರದಲ್ಲಿ ಸೂರ್ಯ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹುಟ್ಟುವುದರಿಂದ ಈ ಲೆಕ್ಕವೇ ಹೆಚ್ಚು ಸಹಜ. ಕೈಗಡಿಯಾರದ ಮುಳ್ಳಿಗೆ ಎದುರು ಬದಿಯಲ್ಲಿರುವ ಅಂಕಿಯನ್ನು ಓದುವುದು ನಾನು ಕಂಡುಕೊಂಡ ಸುಲಭ ಉಪಾಯ.

ನನ್ನ ದಿನಚರಿ ಬೆಳಗಿನ ಐದಕ್ಕೆ ಪ್ರಾರ್ಥನೆಯಿಂದ ತೊಡಗುತ್ತದೆ. ಬಲಿಪೂಜೆ (ಚರ್ಚಿನ ಮಾಸ್), ಭಾಷೆಯ ಅಭ್ಯಾಸ, ಆಮೇಲೆ ಪಿಕಿಪಿಕಿ, ಎಂದರೆ ಮೋಟಾರ್ ಸೈಕಲ್. ನಮ್ಮ ಧರ್ಮಕೇಂದ್ರಕ್ಕೆ ಸೇರಿದ ಉಪಕೇಂದ್ರಗಳು, ಎಂದರೆ ವಿಗಾಂಗೋಗಳು, ಹದಿನಾಲ್ಕು, ಗುರುಗಳು ಮೂವರು. ಹೀಗಾಗಿ ಒಂದೊಂದು ಊರಿಗೆ ಬಲಿಪೂಜೆ ಸಿಗುವುದು ತಿಂಗಳಿಗೊಮ್ಮೆ. ಉಳಿದ ಭಾನುವಾರಗಳಲ್ಲಿ ಪ್ರಾರ್ಥನೆ ನಡೆಸುವವರು, ದೀಕ್ಷಾಸ್ನಾನಕ್ಕೆ ಸಿದ್ಧಪಡಿಸುವವರು, ಸಾವಿನ ಮನೆಗೆ ಮೊದಲು ಓಡುವವರು ಉಪದೇಶಿಗಳೇ. ವಾರದ ನಡುವೆ ಹತ್ತಿಪ್ಪತ್ತು ಮನೆಗಳವರು ಯಾರಾದರೊಬ್ಬರ ಅಂಗಳದಲ್ಲಿ "ಜುಮುಯಿಯಾ" ಎಂಬ ಚಿಕ್ಕ ಸಮುದಾಯವಾಗಿ ಸೇರುತ್ತಾರೆ. ಪೂರ್ವ ಆಫ್ರಿಕಾದ ಧರ್ಮಾಧ್ಯಕ್ಷರು (ಬಿಷಪ್ಪರು) 1970ರ ದಶಕದಲ್ಲಿ ಇಂಥ ಸಮುದಾಯಗಳನ್ನೇ ಧರ್ಮಸಭೆಯ ಬುನಾದಿಯೆಂದು ತೀರ್ಮಾನಿಸಿದ್ದರು. ಕಾಗದದಲ್ಲಿ ಓದಿದ್ದ ಆ ತೀರ್ಮಾನದ ಅರ್ಥ ನನಗೆ ಆದದ್ದು ಬಹಳ ತಡವಾಗಿ, ಅದೂ ಹಣದ ವಿಚಾರದಲ್ಲಿ.

ಮೊದಲ ವಾರಗಳಲ್ಲಿ ಬಾಗಿಲಿಗೆ ಬಂದು "ಹೋಡಿ" (ಒಳಗೆ ಬರಬಹುದೇ) ಎಂದವರಿಗೆಲ್ಲ ನಾನು ಕೈಲಾದದ್ದನ್ನು ಕೊಟ್ಟೆ. ಸರ್ಕಾರಿ ಶಾಲೆಗಳಲ್ಲಿ 2016ರಿಂದ ಪ್ರಾಥಮಿಕ ಮತ್ತು ಕೆಳಹಂತದ ಪ್ರೌಢ ಶಿಕ್ಷಣಕ್ಕೆ ಶುಲ್ಕವಿಲ್ಲದಿದ್ದರೂ ಸಮವಸ್ತ್ರ, ಬೂಟು, ನೋಟ್ ಪುಸ್ತಕಗಳ ಖರ್ಚು ತಾಯಂದಿರ ತಲೆಯ ಮೇಲೆಯೇ ಇರುತ್ತದೆ. ಮಗನ ಹರಿದ ನೋಟ್ ಪುಸ್ತಕವನ್ನು ಎದುರಿಗಿಟ್ಟು ಸುಮ್ಮನೆ ಕುಳಿತ ತಾಯಿಗೆ ಇಲ್ಲವೆನ್ನುವುದು ಸುಲಭವಲ್ಲ. ಒಂದು ತಿಂಗಳಾಗುವಷ್ಟರಲ್ಲಿ ಬೆಳಗಿನ ಪೂಜೆಯ ನಂತರ ಜಗಲಿಯ ಮೇಲೆ ಸಾಲು ಬೆಳೆಯಿತು. "ಅಂಗಡಿ ಎಲ್ಲಿ ಎಂದು ಕೇಳುತ್ತಿದ್ದರಲ್ಲ, ತೆರೆದೇಬಿಟ್ಟೆಯಲ್ಲ" ಎಂದು ಹಿರಿಯ ಗುರುಗಳು ನಕ್ಕರು. ನಗುವುದನ್ನು ನಿಲ್ಲಿಸಿ, ನಾನು ಇಂದು ಕೊಟ್ಟದ್ದನ್ನು ನಾಳೆ ನನ್ನ ಜಾಗಕ್ಕೆ ಬರುವವನಿಂದ ಕೇಳುತ್ತಾರೆಂಬುದನ್ನು ನೆನಪಿಡಲು ಹೇಳಿದರು. ವೈಯಕ್ತಿಕವಾಗಿ ಹಣ ಕೊಡಬಾರದು, ಕೋರಿಕೆಗಳು ಜುಮುಯಿಯಾದ ಮೂಲಕ ಧರ್ಮಕೇಂದ್ರದ ಸಮಿತಿಗೆ ಬರಬೇಕು ಎಂಬ ನಿಯಮಕ್ಕೆ ನಾನೂ ಒಳಗಾದೆ.

ನಿಯಮ ಹಿಡಿದ ಮೇಲೆ ಇನ್ನೊಂದು ತಪ್ಪು ಮಾಡಿದೆ. ಒಂದು ಮಧ್ಯಾಹ್ನ ಒಬ್ಬಾಕೆ ಜ್ವರದಲ್ಲಿ ಕಾಯುತ್ತಿದ್ದ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಬಂದು ಆಸ್ಪತ್ರೆಗೆ ಹೋಗಲು ಬಾಡಿಗೆ ಕೇಳಿದರು. ನಾನು, ಹೊಸದಾಗಿ ಕಲಿತ ಶುದ್ಧ ಸ್ವಾಹಿಲಿಯಲ್ಲಿ, ಸಮಿತಿ ಗುರುವಾರ ಸೇರುತ್ತದೆಂದು ತಿಳಿಸಿದೆ. ಆಕೆ ಮರುಮಾತಾಡದೆ "ಅಸಾಂತೆ" ಎಂದು ವಂದಿಸಿ ಹೊರಟುಹೋದರು. ಆ ವಂದನೆ ರಾತ್ರಿಯಿಡೀ ನಿದ್ದೆ ಕೊಡಲಿಲ್ಲ. ಮರುದಿನ ವಿಚಾರಿಸಿದಾಗ ತಿಳಿದದ್ದು ಇಷ್ಟು: ಅವರ ಜುಮುಯಿಯಾದ ನಾಲ್ಕು ಮನೆಯವರು ಸಂಜೆಯೊಳಗೆ ಚಿಲ್ಲರೆ ಕೂಡಿಸಿ, ಒಬ್ಬ ಹುಡುಗನ ಪಿಕಿಪಿಕಿಯಲ್ಲಿ ತಾಯಿ ಮಗುವನ್ನು ಕಳುಹಿಸಿದ್ದರು; ಮಗು ಗುಣಮುಖವಾಗುತ್ತಿತ್ತು. ಮುಂದಿನ ಸಭೆಯಲ್ಲಿ ಆ ಜುಮುಯಿಯಾದ ಮುಖ್ಯಸ್ಥೆ, ವಯಸ್ಸಾದ ಹೆಂಗಸು, ಯಾರನ್ನೂ ನೋಡದೆ ಹೇಳಿದರು: "ಕಾಯಿಲೆಯವರ ಮನೆಗೆ ಪಾದ್ರಿ ಹಣ ಕಳಿಸುವುದು ಬೇಡ. ಬಂದು ಕುಳಿತುಕೊಳ್ಳಲಿ." ಅಂದಿನಿಂದ ಜ್ವರವೆಂದರೆ ನಾನು ಹೊರಡುತ್ತೇನೆ; ಗಾಡಿ ಬೇಕಾದರೆ ನನ್ನದೇ ಇದೆ. ಈ ಊರಿನಲ್ಲಿ ಇರುವ ಜೇಬು ನನ್ನದೊಂದೇ ಎಂಬ ನನ್ನ ಎಣಿಕೆ ಎಷ್ಟು ಅಹಂಕಾರದ್ದೆಂಬುದು ಅಂಥ ಅಂಗಳಗಳಲ್ಲಿ ಕುಳಿತೇ ತಿಳಿಯಿತು.

ನನ್ನ ಸ್ವಂತ ಜ್ವರ ಐದನೆಯ ತಿಂಗಳಲ್ಲಿ ಬಂತು. ಬೆರಳು ಚುಚ್ಚಿ ನೋಡುವ ಪರೀಕ್ಷಾಪಟ್ಟಿಯ ಮೇಲೆ ಎರಡು ಗೆರೆ ಮೂಡಿತು, ಮಲೇರಿಯಾ. ಮೂರು ದಿನಗಳಲ್ಲಿ ಆರು ಸಲ, ಸಲಕ್ಕೆ ನಾಲ್ಕರಂತೆ ಇಪ್ಪತ್ತನಾಲ್ಕು ಮಾತ್ರೆ, ಅದೂ ಜಿಡ್ಡಿನ ಆಹಾರದೊಡನೆ. ಎರಡನೆಯ ದಿನವೇ ಮೈ ಹಗುರವಾಗಿ ಉಳಿದವನ್ನು ಬಿಡೋಣವೆನಿಸುತ್ತದೆ, ಬಿಡಬಾರದು. ಮಿಷನರಿಗಳು 1868ರಲ್ಲಿ ಇಲ್ಲಿನ ಕರಾವಳಿಯ ಬಾಗಮೋಯೋ ಪಟ್ಟಣದಲ್ಲಿ ನೆಲೆ ಹೂಡಿದಾಗ ಈ ಮಾತ್ರೆಗಳಿರಲಿಲ್ಲ; ಸೊಳ್ಳೆಯಿಂದ ಈ ರೋಗ ಹರಡುತ್ತದೆಂಬುದಕ್ಕೆ ಬ್ರಿಟಿಷ್ ವೈದ್ಯ ರೊನಾಲ್ಡ್ ರಾಸ್‌ಗೆ ಸಿಕಂದರಾಬಾದಿನಲ್ಲಿ ಪುರಾವೆ ಸಿಕ್ಕಿದ್ದೇ 1897ರಲ್ಲಿ. ಬಾಗಮೋಯೋದ ಮಿಷನರಿಗಳ ಸ್ಮಶಾನದಲ್ಲಿ ನನ್ನದೇ ವಯಸ್ಸಿನವರ ಸಮಾಧಿಗಳನ್ನು ನೋಡಿ ಬಂದ ಮೇಲೆ ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಲು ನಾನು ಎಂದೂ ಮರೆತಿಲ್ಲ.

ಹೇಳಿಕೊಳ್ಳಲು ಕಷ್ಟವಾಗುವುದು ಸಂಜೆಗಳ ವಿಷಯ. ಏಳು ಗಂಟೆಗೆ ಕತ್ತಲೆ ಒಮ್ಮೆಗೇ ಬೀಳುತ್ತದೆ. ಮನೆಯಲ್ಲಿ ಪೋಲೆಂಡಿನ ಹಿರಿಯ ಗುರು, ಕಾಂಗೋದ ಯುವಗುರು ಮತ್ತು ನಾನು. ಮೂವರೂ ಒಳ್ಳೆಯವರೇ, ಮೂವರಿಗೂ ಮೌನದ ಅರ್ಥ ಮಾತ್ರ ಬೇರೆ ಬೇರೆ. ಫ್ರಾನ್ಸಿನ ಕಾರ್ಡಿನಲ್ ಲಾವಿಜರಿ ಆಫ್ರಿಕಾದ ಸೇವೆಗಾಗಿ ತಾವು 1868ರಲ್ಲಿ ಸ್ಥಾಪಿಸಿದ ಧಾರ್ಮಿಕ ಸಭೆಯ ಮಿಷನರಿಗಳು ಮೂವರಿಗಿಂತ ಕಡಿಮೆ ಇರುವ ಮನೆಯಲ್ಲಿ ವಾಸಿಸಕೂಡದೆಂದು ವಿಧಿಸಿದ್ದರು. ನಮ್ಮದು ಬೇರೆ ಸಭೆಯಾದರೂ ಆ ನಿಯಮದ ವಿವೇಕ ನನಗೆ ಅನುಭವಕ್ಕೆ ಬಂದಿದೆ: ಇಬ್ಬರಿದ್ದರೆ ಜಗಳ ಉಳಿಯುತ್ತದೆ, ಮೂರನೆಯವನಿದ್ದರೆ ಯಾರಾದರೊಬ್ಬರು ಚಹಾ ಮಾಡುತ್ತಾರೆ. ತಾಯಿಗೆ ಫೋನ್ ಮಾಡಲು ಮೊದಮೊದಲು ರಾತ್ರಿಯ ಊಟದ ನಂತರದ ಹೊತ್ತನ್ನು ಆರಿಸಿಕೊಂಡಿದ್ದೆ. ಭಾರತದ ಗಡಿಯಾರ ಎರಡೂವರೆ ಗಂಟೆ ಮುಂದಿರುವುದರಿಂದ ಆಕೆ ನಿದ್ದೆಗಣ್ಣಿನಲ್ಲಿ ಎದ್ದು "ಏನಾಯಿತಪ್ಪಾ?" ಎಂದು ಗಾಬರಿಯಾಗುತ್ತಿದ್ದಳು, ನಾನು ಒಂಟಿತನವನ್ನು ಆಕೆಯ ನಿದ್ದೆಯಿಂದ ಕೊಂಡುಕೊಳ್ಳುತ್ತಿದ್ದೆ. ಈಗ ಭಾನುವಾರ ಮಧ್ಯಾಹ್ನ ಮಾತ್ರ ಮಾಡುತ್ತೇನೆ. ದಿನಾ ಫೋನ್ ಮಾಡುವಷ್ಟು ದಿನವೂ ನಾನು ಇಲ್ಲಿಗೆ ಪೂರ್ತಿಯಾಗಿ ಬಂದಿರಲಿಲ್ಲವೆಂದು ಈಗ ಅನ್ನಿಸುತ್ತದೆ. ಮಲೇರಿಯಾದ ಸುದ್ದಿಯನ್ನು ಆಕೆಗೆ ಗುಣವಾದ ಮೇಲೆಯೇ ಹೇಳಿದೆ; ಅದು ಸರಿಯೋ ತಪ್ಪೋ ಇನ್ನೂ ತೀರ್ಮಾನವಾಗಿಲ್ಲ.

ಎರಡನೆಯ ವರ್ಷ ಸ್ವಾಹಿಲಿ ಕೈಗೆ ಬಂತೆನ್ನುವಾಗ, ದೂರದ ಉಪಕೇಂದ್ರಗಳ ಅಜ್ಜಿಯರಿಗೆ ಸುಕುಮಾ ಭಾಷೆಯಲ್ಲದೆ ಬೇರೆ ಬಾರದೆಂಬುದು ಅರಿವಾಗಿ, ಮತ್ತೆ ಮೊದಲ ಪುಟದಿಂದ ಆರಂಭಿಸಿದೆ. ಈ ಸಲ ಅವಮಾನವೆನಿಸಲಿಲ್ಲ. ಬೆಳಿಗ್ಗೆ "ಮ್ವಾಂಗಲೂಕಾ" ಎಂದು ನಮಸ್ಕರಿಸಿದರೆ ಅವರ ಮುಖ ಅರಳುವುದನ್ನು ನೋಡಿ, ಮುಂದಿನ ವಾಕ್ಯ ಬಾರದಿದ್ದಾಗ ಅಲ್ಲಿಯೇ ಕುಳಿತು ಅವರೊಡನೆ ಕಡಲೆಕಾಯಿ ಸುಲಿಯುತ್ತೇನೆ.

ಕಳೆದ ತಿಂಗಳು ನಮ್ಮ ಮನೆಗೆ ಹೊಸ ಯುವಗುರುವೊಬ್ಬರು ಬಂದರು, ನನ್ನಂತೆಯೇ ಭಾರತದವರು. ವಾಹನದಿಂದ ಇಳಿಯುವಾಗಲೇ ಮಕ್ಕಳು ಸುತ್ತುವರಿದು ಅಂಗಡಿಯ ಪ್ರಶ್ನೆಯನ್ನು ಕೇಳಿದರು, ಅವರು ಅರ್ಥವಾಗದೆ ನನ್ನ ಮುಖ ನೋಡಿದರು. ನಾನು ಅನುವಾದಿಸಲಿಲ್ಲ. ಸಂಜೆ ಉಪದೇಶಿಯನ್ನು ಕಂಡು, ಇವರೊಡನೆ ಯಾರೂ ಇಂಗ್ಲಿಷ್ ಆಡಬಾರದೆಂದು ಹೇಳಿದೆ. "ಆರು ತಿಂಗಳೇ, ಪಾದ್ರಿ?" ಎಂದು ಕೇಳಿ, ಅವರು ಮೇಜಿನ ಮೇಲಿದ್ದ ಉಪ್ಪಿನ ಡಬ್ಬಿಯನ್ನು ಹೊಸಬರ ಕೈಗೆ ಎಟುಕದಷ್ಟು ದೂರಕ್ಕೆ ಸರಿಸಿದರು.